ಹಳೇ ಲ್ಯಾಪ್‌ಟಾಪ್, ಮೂರು ಲಿಪಿ: ಯಾವ ಸಾಫ್ಟ್‌ವೇರ್ ಯಾರಿಗೆ?

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ, ವಾರಕ್ಕೊಂದು ತಾಳಮದ್ದಳೆ, ಮಿಕ್ಕ ಹೊತ್ತಿನಲ್ಲಿ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಹುಚ್ಚು. ಇಷ್ಟೇ ನನ್ನ ಅರ್ಹತೆ. ಆದರೂ ಊರಲ್ಲಿ ಯಾರ ಲ್ಯಾಪ್‌ಟಾಪ್ ನಿಧಾನವಾದರೂ ನಮ್ಮ ಜಗಲಿಗೆ ಬರುತ್ತದೆ. "ಅದೆಂತದೋ ಫ್ರೀ ಉಂಟಲ್ಲ, ಅದನ್ನು ಹಾಕಿ ಕೊಡಿ ಮಾರಾಯ್ರೆ" ಅನ್ನುತ್ತಾರೆ. ಆ "ಅದೆಂತದೋ" ಯಾವುದು ಅನ್ನುವುದೇ ತಲೆಬಿಸಿ. ಪ್ರತಿ ಸಲ ಬಾಯಲ್ಲಿ ಹೇಳಿ ಸುಸ್ತಾಗಿದೆ, ಅದಕ್ಕೇ ಈ ಸಲ ಬರೆದೇ ಇಡುತ್ತಿದ್ದೇನೆ.

ಹೋಲಿಕೆ ಮಾಡುವವರು ಸಾಮಾನ್ಯವಾಗಿ ವೇಗ ನೋಡುತ್ತಾರೆ, ಫೀಚರ್ ನೋಡುತ್ತಾರೆ. ನಾನು ಮೊದಲು ಕೇಳುವುದು ಬೇರೆ. ರಾತ್ರಿ ಒಂಬತ್ತು ಗಂಟೆಗೆ ಇದು ಕೈಕೊಟ್ಟರೆ ಸರಿ ಮಾಡುವವರು ಯಾರು? ಬೆಂಗಳೂರಿನಲ್ಲಾದರೆ ಆಫೀಸಿನ ಗೆಳೆಯರಿದ್ದಾರೆ. ಕಾಸರಗೋಡಿನಲ್ಲಿ ಉತ್ತರ ಅದಕ್ಕಿಂತ ಒಳ್ಳೆಯದಿದೆ, ಆದರೆ ಹೆಚ್ಚಿನವರಿಗೆ ಅದು ಹೊಳೆಯುವುದಿಲ್ಲ. ಮನೆಯಲ್ಲಿರುವ ಹೈಸ್ಕೂಲ್ ಮಗು!

ತಮಾಷೆ ಅಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠಕ್ಕೆ ಪರೀಕ್ಷೆ ಉಂಟು, ಲ್ಯಾಬಿನಲ್ಲಿ ಓಡುವುದು ಲಿನಕ್ಸ್, ಅಂದರೆ ವಿಂಡೋಸ್ ಜಾಗದಲ್ಲಿ ಹಾಕುವ ಉಚಿತ ವ್ಯವಸ್ಥೆ. 2001ರ ಹೊತ್ತಿಗೆ ಐಟಿ ಅಟ್ ಸ್ಕೂಲ್ ಹೆಸರಿನಲ್ಲಿ ಶುರುವಾದದ್ದು 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. 2018ರಿಂದ ಲಿಟಲ್ ಕೈಟ್ಸ್ ಅಂತ ಮಕ್ಕಳ ಕ್ಲಬ್ಬೂ ಬಂತು. ಕನ್ನಡ ಮಾಧ್ಯಮದ ಶಾಲೆಗೂ ಇದೇ ಲೆಕ್ಕ. ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಬರವಣಿಗೆಯ ಲಿಬ್ರೆ ಆಫೀಸ್, ಚಿತ್ರದ ಗಿಂಪ್, ಇಂಕ್‌ಸ್ಕೇಪ್, ಗಣಿತದ ಜಿಯೋಜೀಬ್ರಾ ಎಲ್ಲ ಅವಳಿಗೆ ಪಠ್ಯಪುಸ್ತಕದ ಮಾತು. ಇಂಜಿನಿಯರಿಂಗ್ ಮುಗಿಸಿದ ನನ್ನ ಸೋದರತ್ತೆ ಮಗನಿಗೆ ಇಂಕ್‌ಸ್ಕೇಪ್ ಹೆಸರೇ ಗೊತ್ತಿರಲಿಲ್ಲ. ಹಾಗಾಗಿ ಇಡೀ ಬರಹದಲ್ಲಿ ನನ್ನ ಒಲವು ಒಂದೇ: ಮಗುವಿಗೆ ಶಾಲೆಯಲ್ಲಿ ಗೊತ್ತಿರುವುದನ್ನೇ ಮನೆಯಲ್ಲೂ ಹಾಕಿ. ಅದು ಸರಿಹೋಗದ ಕಡೆ ಮಾತ್ರ ಬೇರೆ ದಾರಿ ಹೇಳುತ್ತೇನೆ.

ಉಬುಂಟು, ಮಿಂಟ್, ಡೆಬಿಯನ್

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನನ್ನದು ಅದಕ್ಕಿಂತ ಎಷ್ಟೋ ಹಳೆಯದು, 4 ಜಿಬಿ ರ್‍ಯಾಮ್. ನಿಮ್ಮಲ್ಲೂ ಇಂಥದ್ದೇ ಇದ್ದರೆ ಒಂದು ಮಾತು ಕೇಳಿ. ಯಾವ ಲಿನಕ್ಸ್ ಅಂತ ಯೋಚಿಸುವ ಮೊದಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿ. ಅದರಿಂದ ಸಿಗುವ ವೇಗ ಯಾವ ಡಿಸ್ಟ್ರೋ (ಉಬುಂಟು, ಮಿಂಟ್ ಹೀಗೆ ಲಿನಕ್ಸಿನ ಒಂದೊಂದು ಬಗೆ) ಬದಲಿಸಿದರೂ ಸಿಗುವುದಿಲ್ಲ.

ಶಾಲೆಯದ್ದು ಉಬುಂಟುವಿನ ಮೇಲೆ ಕಟ್ಟಿದ್ದು. ಲೆಕ್ಕದ ಪ್ರಕಾರ ನಾನು ಉಬುಂಟು ಅನ್ನಬೇಕು. ಆದರೆ ನಾನು ಹಾಕಿಕೊಡುವುದು ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಒಳಗಡೆ ಉಬುಂಟುವೇ ಇರುವುದರಿಂದ ಮಗುವಿಗೆ ಗೊತ್ತಿರುವುದೆಲ್ಲ ಇಲ್ಲೂ ನಡೆಯುತ್ತದೆ. ವಿಂಡೋಸ್ ನೋಡಿ ಅಭ್ಯಾಸವಾದ ಹಿರಿಯರಿಗೆ ಕೆಳಗಿನ ಪಟ್ಟಿ, ಮೂಲೆಯ ಮೆನು ಎಲ್ಲ ಇದ್ದಲ್ಲೇ ಸಿಗುತ್ತದೆ. ಉಬುಂಟು ಕೆಲವು ಆ್ಯಪ್‌ಗಳನ್ನು ಸ್ನ್ಯಾಪ್ ಎಂಬ ಕಟ್ಟಿನಲ್ಲಿ ಕೊಡುತ್ತದೆ. ಹಳೇ ಡಿಸ್ಕ್‌ನಲ್ಲಿ ಅವು ಮೊದಲ ಸಲ ತೆರೆಯುವಷ್ಟರಲ್ಲಿ ಒಂದು ಲೋಟ ಚಾ ಮುಗಿಯುತ್ತದೆ. ಮಿಂಟ್ ಸ್ನ್ಯಾಪನ್ನು ಹೊರಗಿಟ್ಟಿದೆ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ಅಷ್ಟು ವರ್ಷ ಲ್ಯಾಪ್‌ಟಾಪೇ ಬಾಳಿದರೆ ಸಾಕು.

ಡೆಬಿಯನ್ 1993ರಿಂದ ಇದೆ, ಉಬುಂಟುವಿಗೂ ತಾಯಿ ಬೇರು ಅದೇ. ಒಮ್ಮೆ ಸರಿಯಾಗಿ ಕೂತರೆ ಅಲುಗಾಡುವುದಿಲ್ಲ. ಆದರೆ ಹೊಸಬರಿಗೆ ಮೊದಲ ದಿನವೇ ನಾಲ್ಕು ಪ್ರಶ್ನೆ ಕೇಳಿ ಹೆದರಿಸುತ್ತದೆ. ತುಂಬಾ ಹಳೆಯ 32 ಬಿಟ್ ಯಂತ್ರ ಇದ್ದವರು ಮೊದಲೆಲ್ಲ ಡೆಬಿಯನ್ ಹಾಕುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಕ್ಕೆ ಇನ್‌ಸ್ಟಾಲರೇ ಇಲ್ಲ. 12ಕ್ಕೇ ನಿಲ್ಲಬೇಕು.

ಫೆಡೋರಾ ಚೆಂದ, ಆದರೆ ಒಂದು ಆವೃತ್ತಿಯ ಆಯುಷ್ಯ ಹದಿಮೂರು ತಿಂಗಳ ಹತ್ತಿರ ಅಷ್ಟೇ. ಆರ್ಚ್ ಅಂದರೆ ಹಳೇ ಜೀಪ್ ಇಟ್ಟುಕೊಂಡವರ ಹಾಗೆ, ಓಡಿಸುವುದಕ್ಕಿಂತ ಬಾನೆಟ್ ತೆಗೆಯುವುದರಲ್ಲಿ ಸುಖ ಕಾಣುವವರಿಗೆ.

ಟೈಪ್ ಮಾಡುವುದು ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕರ್ನಾಟಕದವರು ಬರೆದ ಸಲಹೆ ನಮಗೆ ಸರಿಹೊಂದದ ಜಾಗ ಇದೇ.

ಮೂರು ದಾರಿ ಉಂಟು. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಹೊಡೆದರೆ ಕನ್ನಡವಾಗುವ ಲಿಪ್ಯಂತರಣ ಒಂದು, 1998ರಲ್ಲಿ ಬಂದ ಬರಹ ತಂತ್ರಾಂಶದಿಂದ ಬಹಳ ಜನ ಕಲಿತದ್ದು ಹೀಗೆ. ಇನ್ನೊಂದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ, ಅಂದರೆ ನುಡಿ ಕೀಬೋರ್ಡ್. ಮೂರನೆಯದು ಇನ್‌ಸ್ಕ್ರಿಪ್ಟ್. ಕರ್ನಾಟಕದಲ್ಲಿರುವ ಗೆಳೆಯರು ಕಣ್ಣು ಮುಚ್ಚಿ ನುಡಿ ಅನ್ನುತ್ತಾರೆ, ಅವರ ಮಟ್ಟಿಗೆ ಸರಿ. ಸರಕಾರಿ ಕೆಲಸಕ್ಕೆಲ್ಲ ಅದೇ ರೂಢಿ. ಕಲಿಯುವುದೂ ಸುಲಭ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಎಫ್ ಒತ್ತಿದರೆ ಒತ್ತಕ್ಷರಕ್ಕೆ ಕೊಂಡಿ.

ಆದರೆ ನಮಗೆ ಕನ್ನಡ ಒಂದೇ ಸಾಲದು ಅಲ್ವಾ. ಪಂಚಾಯತಿಗೆ ಅರ್ಜಿ ಮಲಯಾಳಂನಲ್ಲಿ ಬರೆದರೆ ಕೆಲಸ ಬೇಗ, ಬ್ಯಾಂಕಿಗೆ ಇಂಗ್ಲಿಷ್, ಭಜನಾ ಮಂದಿರದ ನೋಟೀಸಿಗೆ ಕನ್ನಡ. ಇನ್‌ಸ್ಕ್ರಿಪ್ಟಿನ ಗುಟ್ಟು ಇಲ್ಲಿದೆ. ಅದರಲ್ಲಿ ಭಾರತದ ಹೆಚ್ಚಿನ ಲಿಪಿಗಳು ಒಂದೇ ಮಣೆಯ ಮೇಲೆ ಕೂತಿವೆ. ಕನ್ನಡದ ಪ ಎಲ್ಲಿದೆಯೋ ಮಲಯಾಳಂನ ಪ ಅಲ್ಲೇ, ರ ಇದ್ದಲ್ಲೇ ರ. ಎಡಗೈ ಕಡೆ ಸ್ವರ, ಬಲಗೈ ಕಡೆ ವ್ಯಂಜನ, ಅರ್ಧಾಕ್ಷರಕ್ಕೆ ಡಿ. ಕನ್ನಡದಲ್ಲಿ ಕ್ರ ಬರೆಯಲು ಕೆ, ಡಿ, ಜೆ ಒತ್ತುತ್ತೇವೆ. ಮಲಯಾಳಂಗೆ ಬದಲಿಸಿ ಅದೇ ಮೂರು ಕೀ ಒತ್ತಿ, ಅಲ್ಲೂ ಕ್ರ ಬರುತ್ತದೆ. ಕಲಿಯುವಾಗ ಮೊದಲ ಎರಡು ವಾರ ಕಷ್ಟ, ಸುಳ್ಳು ಹೇಳುವುದಿಲ್ಲ. ನಾನು ಕೀಬೋರ್ಡ್ ಪಕ್ಕ ಚೀಟಿ ಅಂಟಿಸಿಕೊಂಡಿದ್ದೆ. ಆಮೇಲೆ ಒಂದು ಕಲಿಕೆಗೆ ಎರಡು ಭಾಷೆ ಬಂದ ಹಾಗೆ. ಶಾಲೆಯ ಮಕ್ಕಳಿಗೆ ಮಲಯಾಳಂ ಟೈಪಿಂಗ್ ಇದರಲ್ಲೇ ಬರುವುದರಿಂದ ತೊಡಕಾದರೆ ಕೇಳಲು ಜನ ಇದ್ದಾರೆ.

ಅದಕ್ಕೇ ನನ್ನ ತೀರ್ಮಾನ ಹೀಗೆ. ನಿಮ್ಮ ಬರವಣಿಗೆ ಪೂರ್ತಿ ಕನ್ನಡವಾದರೆ ಕಗಪ. ಗಡಿಯ ಈಚೆ ಬದುಕು ನಡೆಸುವವರಾದರೆ ಇನ್‌ಸ್ಕ್ರಿಪ್ಟ್. ವರ್ಷಕ್ಕೆ ಎರಡು ಸಲ ಮಾತ್ರ ಕನ್ನಡ ಹೊಡೆಯುವವರಾದರೆ ಸುಮ್ನೆ ಲಿಪ್ಯಂತರಣ ಸಾಕು, ಹೊಸದೇನೂ ಕಲಿಯುವುದು ಬೇಡ. ಮಿಂಟ್‌ನಲ್ಲಿ ಇನ್‌ಸ್ಕ್ರಿಪ್ಟ್, ಕಗಪ ಎರಡೂ ಕೀಬೋರ್ಡ್ ಪಟ್ಟಿಯಲ್ಲೇ ಇವೆ, ಆರಿಸಿದರೆ ಆಯಿತು. ಲಿಪ್ಯಂತರಣ ಬೇಕಾದವರು ಮಾತ್ರ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಜೊತೆಗೆ ಎಂ17ಎನ್ ಪ್ಯಾಕೇಜ್ ಹಾಕಿಕೊಳ್ಳಬೇಕು.

ತುಳು ಬರೆಯುವವರಿಗೆ ಬೇರೆ ಏನೂ ಬೇಡ, ಕನ್ನಡ ಲಿಪಿಯೇ ನಡೆಯುತ್ತದಲ್ಲ. ತುಳುವಿನ ಸ್ವಂತ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಹೆಸರಿನಲ್ಲಿ ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರಪಟ್ಟಿ) ಸೇರಿದ್ದು ಖುಷಿಯ ವಿಷಯ. ಆದರೆ ಅದರಲ್ಲಿ ನೋಟೀಸ್ ಹೊಡೆದರೆ ಓದುವವರನ್ನು ಹುಡುಕಬೇಕು.

ಮೊಬೈಲ್‌ನಲ್ಲಿ ಮಾತ್ರ ನಾನು ತಪ್ಪಿತಸ್ಥ. ಇಂಡಿಕ್ ಕೀಬೋರ್ಡ್ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದದ್ದು, ಚೆನ್ನಾಗಿಯೂ ಇದೆ, ಆದರೂ ನಾನು ಬಳಸುವುದು ಗೂಗಲ್‌ನ ಜಿಬೋರ್ಡ್. ಅಡಿಕೆ ಸುಲಿಯುತ್ತಾ ಬಾಯಲ್ಲಿ ಹೇಳಿದರೆ ಅದು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಈ ಒಂದು ಸುಖ ಬಿಡಲು ಆಗಲಿಲ್ಲ.

ಆಮಂತ್ರಣ, ಫ್ಲೆಕ್ಸ್, ಸ್ಮರಣ ಸಂಚಿಕೆ

ನಮ್ಮ ಕಡೆ ಡಿಸೆಂಬರಿನಿಂದ ಮೇವರೆಗೆ ಒಂದು ವಾರವೂ ಖಾಲಿ ಇರುವುದಿಲ್ಲ. ಬಯಲಾಟ, ಬ್ರಹ್ಮಕಲಶ, ಕೋಲ, ಕಬಡ್ಡಿ, ಕ್ಲಬ್ಬಿನ ವಾರ್ಷಿಕೋತ್ಸವ. ಎಲ್ಲದಕ್ಕೂ ಒಂದು ಫ್ಲೆಕ್ಸ್ ಬೇಕು. ಹುಡುಗರೆಲ್ಲ ಮೊಬೈಲ್‌ನಲ್ಲಿ ಕ್ಯಾನ್ವಾದಲ್ಲೇ ಮುಗಿಸುತ್ತಾರೆ. ವಾಟ್ಸಾಪ್ ಸ್ಟೇಟಸ್‌ಗೆ ಅದು ಸಾಕು, ನಾನೇ ಹೇಳುತ್ತೇನೆ. ಆದರೆ ಎಲ್ಲರ ಪೋಸ್ಟರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣುತ್ತದೆ, ರೇಂಜ್ ಇಲ್ಲದಿದ್ದರೆ ಕೆಲಸ ನಿಂತಿತು.

ಗಿಂಪ್ ಮತ್ತು ಇಂಕ್‌ಸ್ಕೇಪ್ ನಡುವೆ ಯಾವುದು ಅಂತ ಕೇಳುವವರು ಜಾಸ್ತಿ. ಇವು ಒಂದಕ್ಕೊಂದು ಬದಲಿ ಅಲ್ಲ. ಗಿಂಪ್ ಫೋಟೋಗೆ: ವೇಷದ ಹಿಂದೆ ಕಾಣುವ ಟ್ಯೂಬ್‌ಲೈಟ್ ಅಳಿಸಲು, ಕತ್ತಲಲ್ಲಿ ತೆಗೆದ ಚಿತ್ರ ಬೆಳಗಿಸಲು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3ರಲ್ಲಿ ಹಾಕಿದ ಎಫೆಕ್ಟನ್ನು ಆಮೇಲೂ ತಿದ್ದಬಹುದು, ಹಾಗಾಗಿ ಹಳೇ 2.10 ಇಟ್ಟುಕೊಂಡವರು ಬದಲಿಸಿ. ಇಂಕ್‌ಸ್ಕೇಪ್ ಅಕ್ಷರಕ್ಕೆ, ಗೆರೆಗೆ. ಅದರಲ್ಲಿ ಮಾಡಿದ್ದನ್ನು ಆರು ಅಡಿಗೆ ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ಗಿಂಪ್‌ನಲ್ಲಿ ಚಿಕ್ಕದಾಗಿ ಮಾಡಿ ದೊಡ್ಡದು ಮಾಡಿದ ಫ್ಲೆಕ್ಸನ್ನು ನೂರು ಅಡಿ ದೂರದಿಂದಲೇ ಗುರುತಿಸಬಹುದು.

ಈಗ ಪ್ರೆಸ್ಸಿನ ಕತೆ. ಇಲ್ಲೆಲ್ಲ ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಪುಟ ಜೋಡಿಸುವ ಹಳೇ ಪೇಜ್‌ಮೇಕರ್, ಯುನಿಕೋಡ್ ಅಲ್ಲದ ಹಳೇ ಫಾಂಟ್‌ಗಳು. ಮೊದಲ ವರ್ಷ ನಾನು ಇಂಕ್‌ಸ್ಕೇಪ್ ಫೈಲನ್ನು ಹಾಗೇ ಪೆನ್‌ಡ್ರೈವ್‌ನಲ್ಲಿ ಕೊಟ್ಟುಬಂದೆ. ಅಲ್ಲಿ ಆ ಫಾಂಟ್ ಇರಲಿಲ್ಲ. ಒತ್ತಕ್ಷರವೆಲ್ಲ ಬಿಚ್ಚಿಕೊಂಡು ಮಂದಿರದ ಹೆಸರಿನ ಮುಂದಿನ ಶ್ರೀ ಎರಡು ತುಂಡಾಗಿ ಅಚ್ಚಾಯಿತು. ನೋಡದೆ ಕಟ್ಟಿಯೂ ಬಿಟ್ಟರು. ಅರ್ಚಕರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತಪ್ಪು ನನ್ನದೇ. ಕಳಿಸುವ ಮೊದಲು ಅಕ್ಷರವನ್ನೆಲ್ಲ ಆರಿಸಿ ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಬೇಕಿತ್ತು. ಆಗ ಅಕ್ಷರ ಚಿತ್ರವಾಗುತ್ತದೆ, ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ಆಮೇಲೆ ಪಿಡಿಎಫ್ ಮಾಡಿ ಕೊಡಿ. ತಿದ್ದಲು ಬೇಕಾಗುತ್ತದೆ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಅರವತ್ತು ಪುಟದ ಸ್ಮರಣ ಸಂಚಿಕೆ ಆದರೆ ಇಂಕ್‌ಸ್ಕೇಪ್ ಬೇಡ. ಲಿಬ್ರೆ ಆಫೀಸ್ ರೈಟರ್ ಅಥವಾ ಪುಟ ಜೋಡಿಸುವ ಸ್ಕ್ರೈಬಸ್. ಸ್ಕ್ರೈಬಸ್ ಬಗ್ಗೆ "ಕನ್ನಡ ಸರಿ ಬರುವುದಿಲ್ಲ" ಅಂತ ಯಾರೋ ಹೇಳಿದ್ದನ್ನು ನಾನೂ ವರ್ಷಗಟ್ಟಲೆ ನಂಬಿದ್ದೆ. ಹಳೇ 1.4ರ ಮಟ್ಟಿಗೆ ಅದು ನಿಜ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಪ್ರೆಸ್‌ನವರು ಕೇಳುವ ನಾಲ್ಕು ಬಣ್ಣದ ಸಿಎಂವೈಕೆ ಪಿಡಿಎಫ್ ಕೂಡ ಕೊಡುತ್ತದೆ. ಆದರೆ ಶಾಲೆಯ ಮಗುವಿಗೆ ಇದು ಅಷ್ಟಾಗಿ ಗೊತ್ತಿಲ್ಲ, ನೀವೇ ಗುದ್ದಾಡಬೇಕು. ಜಾಹೀರಾತು ಜಾಸ್ತಿ ಇರುವ ಸಂಚಿಕೆಗೆ ಸ್ಕ್ರೈಬಸ್, ಬರೀ ಲೇಖನಗಳಾದರೆ ರೈಟರ್.

ಫಾಂಟ್‌ಗೆ ದುಡ್ಡು ಕೊಡಬೇಡಿ, ಕದ್ದದ್ದನ್ನೂ ಹಾಕಬೇಡಿ. ತಲೆಬರಹಕ್ಕೆ ಬಾಲೂ ತಮ್ಮ, ಒಳಪುಟಕ್ಕೆ ನೋಟೋ ಸೆರಿಫ್ ಕನ್ನಡ, ಕೈಬರಹದ ಹಾಗೆ ಬೇಕಿದ್ದರೆ ನವಿಲು. ಮೂರೂ ಮುಕ್ತ.

ಕ್ಯಾಸೆಟ್ ಇಳಿಸುವುದು

ನನ್ನ ನಿಜವಾದ ಆಸಕ್ತಿ ಇದು. ಕುಂಬಳೆ ಅಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ತೆಂಕುತಿಟ್ಟಿನ ತವರು. ಈ ಸೀಮೆಯಲ್ಲಿ ಯಾರ ಮನೆಯ ಅಟ್ಟ ಹತ್ತಿದರೂ ಒಂದು ರಟ್ಟಿನ ಪೆಟ್ಟಿಗೆ ತುಂಬಾ ತಾಳಮದ್ದಳೆ ಕ್ಯಾಸೆಟ್ ಇರುತ್ತದೆ, ಅದಕ್ಕೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಬೂಸಲು ಹಿಡಿದ ಟೇಪನ್ನು ನೇರ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿಗೂ ಅಂಟುತ್ತದೆ.

ಇಳಿಸಲು ಮೂರು ದಾರಿ: ಆಡಾಸಿಟಿ, ಆರ್ಡರ್ (Ardour), ಮೊಬೈಲ್ ರೆಕಾರ್ಡರ್. ಮೊಬೈಲನ್ನು ಸ್ಪೀಕರ್ ಮುಂದೆ ಹಿಡಿಯುವುದು ಮಾತ್ರ ಬೇಡ, ಹೊರಗಿನ ಕಾಗೆ ಕೂಗೂ ಶಾಶ್ವತವಾಗುತ್ತದೆ. ಆರ್ಡರ್ ಸ್ಟುಡಿಯೋಗೆ ಇರುವಂಥದ್ದು, ಹತ್ತು ಮೈಕ್ ಹಾಕಿ ಹಿಮ್ಮೇಳವನ್ನು ಬೇರೆ ಬೇರೆ ಹಿಡಿಯುವವರಿಗೆ. ಕ್ಯಾಸೆಟ್‌ಗೆ ಆಡಾಸಿಟಿ. 2000ದಿಂದ ಇದೆ. 2021ರಲ್ಲಿ ಮ್ಯೂಸ್ ಗ್ರೂಪ್ ಕೈಗೆ ಹೋದಾಗ ಖಾಸಗಿತನದ ನಿಯಮದ ಬಗ್ಗೆ ದೊಡ್ಡ ಗಲಾಟೆ ಆಯಿತು. ಟೆನಾಸಿಟಿ ಅಂತ ಕವಲೂ ಒಡೆಯಿತು. ನಾನು ಆಡಾಸಿಟಿಯಲ್ಲೇ ಉಳಿದೆ, ಯಾಕೆಂದರೆ ಅಕ್ಕನ ಮಗಳಿಗೆ ಅದು ಗೊತ್ತು, ನನ್ನ ರೂಲ್ ಇದೇ ಅಲ್ವಾ.

ಲ್ಯಾಪ್‌ಟಾಪಿನ ಒಂದೇ ತೂತಿಗೆ ವೈರ್ ಚುಚ್ಚುವ ಬದಲು ಲೈನ್-ಇನ್ ಇರುವ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ. ಭಾಗವತರ ಆಲಾಪನೆ ಕೇಳಿ ಮಟ್ಟ ಇಟ್ಟರೆ ಚೆಂಡೆ ಬಂದಾಗ ಒಡೆಯುತ್ತದೆ. ಹಾಗಾಗಿ ಮೊದಲು ಚೆಂಡೆ ಇರುವ ಜಾಗ ಹಾಕಿ, ಮೀಟರ್ ಮೈನಸ್ ಆರು ಡಿಬಿ ದಾಟದಂತೆ ಇಟ್ಟುಕೊಂಡು ಆಮೇಲೆ ಟೇಪ್ ಹಿಂದೆ ತಿರುಗಿಸಿ. ಸಿಸ್ಸೆನ್ನುವ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಉಂಟು. ಮಾತಿಲ್ಲದ ಎರಡು ಸೆಕೆಂಡ್ ಆರಿಸಿ ಇದೇ ಗಲಾಟೆ ಅಂತ ಅದಕ್ಕೆ ತೋರಿಸಿ, ಆಮೇಲೆ ಇಡೀ ಟೇಪಿಗೆ ಹಾಕಿ. ಆಸೆಗೆ ಬಿದ್ದು ಜಾಸ್ತಿ ಹಾಕಿದರೆ ಅರ್ಥಧಾರಿ ಕೊಡಪಾನದೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಸ್ವಲ್ಪ ಸಿಸ್ಸೆಂದರೂ ಪರವಾಗಿಲ್ಲ.

ಉಳಿಸುವುದು ಯಾವುದರಲ್ಲಿ? ಮೋನೋ ಸಾಕು. ತೊಂಬತ್ತು ನಿಮಿಷದ ಕ್ಯಾಸೆಟ್ ಒಂದು ಬದಿಗೆ 45 ನಿಮಿಷ, ಸಿಡಿ ಗುಣಮಟ್ಟದ ವೇವ್ ಫೈಲ್ ಆದರೆ ಹತ್ತಿರಹತ್ತಿರ 240 ಎಂಬಿ. ಫ್ಲ್ಯಾಕ್ ಮಾಡಿದರೆ ಏನೂ ಕಳೆದುಕೊಳ್ಳದೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮನೆಯಲ್ಲಿ ಇಡುವ ಪ್ರತಿ ಫ್ಲ್ಯಾಕ್, ವಾಟ್ಸಾಪ್‌ನಲ್ಲಿ ಹಂಚುವುದು ಎಂಪಿ3. ಎಂಪಿ3 ಒಂದೇ ಇಟ್ಟು ಕ್ಯಾಸೆಟ್ ಬಿಸಾಡಿದವರು ಇದ್ದಾರೆ, ಆ ಸಂಕಟ ಬೇಡ.

ವಿಡಿಯೋಗೆ ಕೇಡೆನ್‌ಲೈವ್. ಓಪನ್‌ಶಾಟ್ ಕಲಿಯಲು ಇನ್ನೂ ಸುಲಭ, ಐದು ನಿಮಿಷದ ಶಾಲಾ ವಿಡಿಯೋಗೆ ಸಾಕು. ರಾತ್ರಿಯಿಡೀ ಆಟದ ರೆಕಾರ್ಡಿಂಗ್ ಆದರೆ ಕೇಡೆನ್‌ಲೈವಿನಲ್ಲಿ ಪ್ರಾಕ್ಸಿ (ತಿದ್ದುವಾಗ ಬಳಸುವ ಹಗುರ ನಕಲು) ಆನ್ ಮಾಡಿ, ಬಡ ಲ್ಯಾಪ್‌ಟಾಪ್ ಕೂಡ ಉಸಿರಾಡುತ್ತದೆ.

ಸಿನಿಮಾ, ಚೆಸ್

ಪ್ಲೇಯರ್ ವಿಷಯದಲ್ಲಿ ಹೋಲಿಕೆಯೇ ಬೇಡ, ವಿಎಲ್‌ಸಿ. ಕನ್ನಡ, ಮಲಯಾಳಂ ಸಬ್‌ಟೈಟಲ್ ಎರಡೂ ಹಾಕಬಹುದು. ನಮ್ಮ ಮನೆಯಲ್ಲಿ ಅತ್ತಿಗೆ ಮಲಯಾಳಂ ಸಿನಿಮಾದವರು, ಅಮ್ಮನಿಗೆ ಕನ್ನಡ ಬಿಟ್ಟು ಬೇಡ. 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಕತೆಯ ಸಿನಿಮಾ ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಕೂತು ನೋಡಿದರು. ಅದಾದ ಮೇಲೆ ಬೆಂಗಳೂರಿನವರು ಯಾರು ಸಿಕ್ಕಿದರೂ "ನಿಮ್ಮ ಶಾಲೆ ಹಾಗೇ ಉಂಟಾ" ಅಂತ ಕೇಳುತ್ತಾರೆ. ಹೌದು ಸ್ವಾಮಿ, ಲಿನಕ್ಸ್ ಕೂಡ ಉಂಟು. ಓಟಿಟಿ ನೋಡುವವರಿಗೆ ಒಂದು ಎಚ್ಚರಿಕೆ: ಲಿನಕ್ಸ್‌ನ ಬ್ರೌಸರಿನಲ್ಲಿ ಕೆಲವು ಓಟಿಟಿಗಳು ಕಡಿಮೆ ಸ್ಪಷ್ಟತೆಯಲ್ಲೇ ತೋರಿಸುತ್ತವೆ. ಅದಕ್ಕಾಗಿ ವಿಂಡೋಸ್ ಇಟ್ಟುಕೊಳ್ಳುವುದಕ್ಕಿಂತ ಟಿವಿಯಲ್ಲಿ ನೋಡಿ.

2024ರ ಡಿಸೆಂಬರಿನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಊರಿನ ಹುಡುಗರಿಗೆಲ್ಲ ಚೆಸ್ ಹುಚ್ಚು. ಚೆಸ್ ಡಾಟ್ ಕಾಮ್‌ನಲ್ಲಿ ಜನ ಜಾಸ್ತಿ, ಆದರೆ ದುಡ್ಡು ಕೊಡದವರಿಗೆ ಪಜಲ್‌ಗೆ, ಆಟದ ವಿಶ್ಲೇಷಣೆಗೆ ಮಿತಿ ಇದೆ. ಲಿಚೆಸ್ ಪೂರ್ತಿ ಓಪನ್ ಸೋರ್ಸ್, ಜಾಹೀರಾತಿಲ್ಲ, ಎಲ್ಲವೂ ಉಚಿತ. ಮಕ್ಕಳಿಗೆ ಲಿಚೆಸ್ ಹಾಕಿಕೊಡಿ, ಎರಡು ಮಾತಿಲ್ಲ.

ನಕ್ಷೆ

ದಾರಿ ಹುಡುಕಲು ಗೂಗಲ್ ಮ್ಯಾಪ್ಸೇ ವಾಸಿ, ಟ್ರಾಫಿಕ್ ಗೊತ್ತಾಗುತ್ತದೆ, ಅಂಗಡಿ ಸಿಗುತ್ತದೆ. ಆದರೆ ಗುಡ್ಡದ ಹಿಂದೆ ರೇಂಜ್ ಹೋದ ಕೂಡಲೇ ಆರ್ಗ್ಯಾನಿಕ್ ಮ್ಯಾಪ್ಸ್ ಬೇಕು. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಓಎಸ್‌ಎಂ ಆ್ಯಂಡ್‌ನಲ್ಲಿ ಇನ್ನೂ ನೂರೆಂಟು ಸೌಲಭ್ಯ ಉಂಟು, ಮೆನುವಿನಲ್ಲೇ ದಾರಿ ತಪ್ಪುತ್ತದೆ.

ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂ ಆ್ಯಂಡ್ ಎರಡರ ಹಿಂದೆಯೂ ಇರುವುದು 2004ರಲ್ಲಿ ಶುರುವಾದ ಓಪನ್ ಸ್ಟ್ರೀಟ್ ಮ್ಯಾಪ್, ನಾವೇ ತುಂಬಿಸುವ ನಕ್ಷೆ. ನಮ್ಮ ಊರಿನ ಹೆಸರುಗಳ ಜಗಳ ನಿಮಗೆ ಗೊತ್ತಲ್ಲ. ನಮಗೆ ಮಂಜೇಶ್ವರ, ಬೋರ್ಡಿನಲ್ಲಿ ಮಂಜೇಶ್ವರಂ. ನಮಗೆ ಕುಂಬಳೆ, ಇನ್ನೊಬ್ಬರಿಗೆ ಕುಂಬ್ಳ. ಈ ನಕ್ಷೆಯಲ್ಲಿ ಒಂದು ಜಾಗಕ್ಕೆ ಕನ್ನಡ ಹೆಸರಿಗೊಂದು ಖಾನೆ, ಮಲಯಾಳಂಗೊಂದು ಖಾನೆ, ತುಳುವಿಗೂ ಒಂದು ಖಾನೆ. ಒಂದನ್ನು ಹಾಕಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಫೋನ್ ಯಾವ ಭಾಷೆಯಲ್ಲಿದೆಯೋ ಆ ಹೆಸರು ಕಾಣುತ್ತದೆ.

ಕಳೆದ ವಾರ ಅಕ್ಕನ ಮಗಳೂ ನಾನೂ ಕೂತು ಈ ನಕ್ಷೆಗೆ ನಮ್ಮ ಭಜನಾ ಮಂದಿರ ಸೇರಿಸಿದೆವು. ಕನ್ನಡದ ಖಾನೆ ನಾನು ತುಂಬಿಸಿದೆ. ಮಲಯಾಳಂನದ್ದು ಬಿಟ್ಟುಬಿಡುವ ಅಂದುಕೊಂಡೆ. "ಮಾವ, ಅದೇ ಕೀಗಳಲ್ವಾ, ಸರಿಯಿರಿ" ಅಂತ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು ಅವಳೇ ಹೊಡೆದಳು.